ಸ್ಯಾನ್ ಫ್ರಾನ್ಸಿಸ್ಕೋ ಏರ್‌ಪೋರ್ಟ್‌ನಲ್ಲಿ ಬಾಡಿಗೆ ಕಾರು: ನಮ್ಮ ಲೈಸೆನ್ಸ್ ನಡೆಯುತ್ತಾ? ಸಿಟಿಯಲ್ಲಿ ಓಡಿಸಬಹುದಾ?

ತುಂಗಾತೀರ (9 ನವೆಂಬರ್ 2025)

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಎರಡನೇ ವಾರ ಅಮ್ಮ, ಹೆಂಡತಿ, ಮಗಳ ಜೊತೆ ಅಮೆರಿಕಕ್ಕೆ ಹೊರಟಿದ್ದೇವೆ. ತಂಗಿ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟ್‌ನಲ್ಲಿ ಇದ್ದಾಳೆ. ಒಟ್ಟು 19 ದಿನ. ಅಮ್ಮನಿಗೆ 72 ವರ್ಷ, ಮೊಣಕಾಲು ನೋವು, ಮೆಟ್ಟಿಲು ಹತ್ತಿ ಇಳಿಯುವುದು ಕಷ್ಟ. ಮಗಳಿಗೆ 6. ತಂಗಿ, ಅವಳ ಗಂಡ ಇಬ್ಬರೂ ಕೆಲಸಕ್ಕೆ ಹೋಗುವವರು. ಅವರಿಗೆ ದಿನಾ ತೊಂದರೆ ಕೊಡುವುದು ಬೇಡ ಅಂತ ಏರ್‌ಪೋರ್ಟ್‌ನಲ್ಲೇ ಕಾರು ಬಾಡಿಗೆಗೆ ತೆಗೆದುಕೊಳ್ಳುವ ಯೋಚನೆ ಇದೆ.

ವಿಮಾನ ಇಳಿಯುವುದು ಸಂಜೆ 6ಕ್ಕೆ. ಅಲ್ಲಿಂದ ನೇರ ಸಿಟಿಗೆ ಹೋಗಿ, ಯೂನಿಯನ್ ಸ್ಕ್ವೇರ್ ಹತ್ತಿರ ಎರಡು ರಾತ್ರಿ ಹೋಟೆಲ್‌ನಲ್ಲಿ ಇದ್ದು, ಸಿಟಿ ನೋಡಿಕೊಂಡು ಆಮೇಲೆ ಫ್ರೀಮಾಂಟ್‌ಗೆ ಹೋಗುವುದು ನನ್ನ ಪ್ಲಾನ್.

20 ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಆಗುಂಬೆ ಘಾಟಿ, ಬೆಂಗಳೂರಿನ ಸಿಲ್ಕ್ ಬೋರ್ಡ್ ಎಲ್ಲ ಅಭ್ಯಾಸ ಇದೆ. ಆದರೆ ರಸ್ತೆಯ ಬಲಗಡೆ ಒಂದು ದಿನವೂ ಓಡಿಸಿಲ್ಲ. ಕರ್ನಾಟಕದ ಲೈಸೆನ್ಸ್ ಸಾಕಾ? ಇನ್ಶೂರೆನ್ಸ್ ಯಾವುದು ತಗೋಬೇಕು? ಸಿಟಿಯಲ್ಲಿ ಓಡಿಸುವುದು ಎಷ್ಟು ಕಷ್ಟ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಉಡುಪಿ ಮಲ್ಲಿಗೆ (9 ನವೆಂಬರ್)

ನಾನು 14 ವರ್ಷದಿಂದ ಈ ಕಡೆಯೇ ಇದ್ದೇನೆ. ಮೊದಲು ಒಂದೇ ಮಾತು ಹೇಳುತ್ತೇನೆ. ಇಳಿದ ರಾತ್ರಿ ಓಡಿಸಬೇಡಿ. ಉಳಿದ ಎಲ್ಲ ಪ್ರಶ್ನೆಗೂ ಉತ್ತರ ಇದೆ, ಇದೊಂದಕ್ಕೆ ಬೇರೆ ದಾರಿ ಇಲ್ಲ.

ಬೆಂಗಳೂರಿನಿಂದ ಹೊರಟು ಇಲ್ಲಿ ಇಳಿಯುವಾಗ ಒಂದು ದಿನದ ಹತ್ತಿರ ಆಗಿರುತ್ತದೆ. ಡಿಸೆಂಬರ್‌ನಲ್ಲಿ ಇಲ್ಲಿಯ ಸಮಯ ನಮ್ಮ ಸಮಯಕ್ಕಿಂತ 13 ಗಂಟೆ 30 ನಿಮಿಷ ಹಿಂದೆ. ಇಲ್ಲಿ ಸಂಜೆ 6 ಅಂದರೆ ನಿಮ್ಮ ದೇಹಕ್ಕೆ ಮರುದಿನ ಬೆಳಗ್ಗೆ 7:30, ಅದೂ ರಾತ್ರಿಯಿಡೀ ನಿದ್ದೆ ಇಲ್ಲದ ಬೆಳಗ್ಗೆ. ಇಮಿಗ್ರೇಷನ್ ಸಾಲು, ಬ್ಯಾಗೇಜು, ಕಾರಿನ ಕೌಂಟರ್ ಮುಗಿಯುವಾಗ 8:30, 9 ಆಗುತ್ತದೆ. ಕತ್ತಲು. ಡಿಸೆಂಬರ್ ಅಂದರೆ ಇಲ್ಲಿ ಮಳೆಗಾಲ. ಅಂಥ ಹೊತ್ತಿನಲ್ಲಿ ಮೊದಲ ಸಲ ಬಲಗಡೆ, ಗುರುತಿಲ್ಲದ ಕಾರು, 101 ಹೆದ್ದಾರಿ, ಹಿಂದೆ ಅಮ್ಮ ಮತ್ತು ಮಗು. ನಿಮ್ಮ 20 ವರ್ಷದ ಅನುಭವ ಆ ಒಂದು ಗಂಟೆಗೆ ಉಪಯೋಗಕ್ಕೆ ಬರುವುದಿಲ್ಲ ಸರ್.

ತಂಗಿಯ ಮನೆಯವರು ಬಂದು ಕರೆದುಕೊಂಡು ಹೋಗಲಿ. ಎರಡು ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಮೂರನೇ ದಿನ ಹಗಲಲ್ಲಿ ಕಾರು ತಗೊಳ್ಳಿ.

ಹಾಸನದ ಹುಡುಗ (9 ನವೆಂಬರ್)

ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಕಡ್ಡಾಯ. ಅದಿಲ್ಲದೆ ಕಾರು ಮುಟ್ಟುವುದಕ್ಕೂ ಬಿಡುವುದಿಲ್ಲ.

ಕೊಲ್ಲಿ ತೀರ (10 ನವೆಂಬರ್)

ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ. ಪ್ರವಾಸಕ್ಕೆ ಬಂದವರು 18 ವರ್ಷ ದಾಟಿದ್ದು, ತಮ್ಮ ದೇಶದ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ಅದರಲ್ಲೇ ಓಡಿಸಬಹುದು. ಇದು ಇಲ್ಲಿಯ ಡಿಎಂವಿಯ ನಿಯಮ. ಡಿಎಂವಿ ಅಂದರೆ ನಮ್ಮ ಆರ್‌ಟಿಒ ಇದ್ದ ಹಾಗೆ. ಇಂಟರ್‌ನ್ಯಾಷನಲ್ ಪರ್ಮಿಟ್ ಇಲ್ಲಿ ಬರೀ ಅನುವಾದದ ಕಾಗದ. ಒರಿಜಿನಲ್ ಲೈಸೆನ್ಸ್ ಇಲ್ಲದೆ ಅದೊಂದಕ್ಕೇ ಬೆಲೆ ಇಲ್ಲ. ಕರ್ನಾಟಕದ ಸ್ಮಾರ್ಟ್ ಕಾರ್ಡ್‌ನಲ್ಲಿ ವಿವರ ಇಂಗ್ಲಿಷಿನಲ್ಲೂ ಇರುವುದರಿಂದ ಓದುವುದಕ್ಕೆ ತೊಂದರೆ ಇಲ್ಲ.

ಆದರೂ ಮಾಡಿಸಿಕೊಳ್ಳಿ ಅಂತಲೇ ಹೇಳುತ್ತೇನೆ. ಪರಿವಾಹನ್ ಪೋರ್ಟಲ್‌ನಲ್ಲಿ ಅರ್ಜಿ, ಫಾರಂ 4ಎ, ಶುಲ್ಕ 1000 ರೂಪಾಯಿ, ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿ. ಒಂದು ವರ್ಷ ನಡೆಯುತ್ತದೆ. ಕೆಲವು ಬಾಡಿಗೆ ಕಂಪನಿಗಳು ತಮ್ಮ ಕರಾರಿನಲ್ಲೇ ಅದನ್ನು ಕೇಳುತ್ತವೆ. ಅಪಘಾತ ಏನಾದರೂ ಆದರೆ ಕಾಗದ ಪಕ್ಕಾ ಇರುವುದು ಒಳ್ಳೆಯದು ಅಲ್ವಾ.

ನಮ್ಮವರಿಗೆ ನಿಜವಾದ ತೊಡಕು ಬೇರೆ. ಅದು ಹೆಸರು. ಲೈಸೆನ್ಸ್‌ನಲ್ಲಿ ಹೆಸರು ಮತ್ತು ಇನಿಷಿಯಲ್. ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಊರು, ಅಪ್ಪನ ಹೆಸರು ಪೂರ್ತಿ. ಕ್ರೆಡಿಟ್ ಕಾರ್ಡ್‌ನಲ್ಲಿ ಜಾಗ ಸಾಲದೆ ಅರ್ಧ. ಕೌಂಟರಿನಲ್ಲಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನನ್ನ ದೊಡ್ಡಪ್ಪನ ಮಗ ಹೀಗೇ 40 ನಿಮಿಷ ನಿಂತಿದ್ದರು. ಕೊನೆಗೆ ಮೇಲಿನವರು ಬಂದು ಒಪ್ಪಿದರು. ಮೂರೂ ದಾಖಲೆ ಈಗಲೇ ತೆಗೆದು ನೋಡಿ. ಬುಕಿಂಗ್ ಅನ್ನು ಲೈಸೆನ್ಸ್‌ನಲ್ಲಿ ಇರುವ ಹೆಸರಿಗೇ ಮಾಡಿ. ಮೊಬೈಲ್‌ನಲ್ಲಿರುವ ಡಿಜಿಲಾಕರ್ ಪ್ರತಿ ಇಲ್ಲಿ ನಡೆಯುವುದಿಲ್ಲ, ಕಾರ್ಡೇ ಬೇಕು.

ಹಾಸನದ ಹುಡುಗ (10 ನವೆಂಬರ್)

ಸರಿ ಸರ್, ನಾನು ಓಡಿಸಿದ್ದು ಬೇರೆ ರಾಜ್ಯದಲ್ಲಿ. ಅಲ್ಲಿ ಕೇಳಿದ್ದರು. ಅದಕ್ಕೇ ಹಾಗೆ ಹೇಳಿದೆ. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಚಿಕ್ಕಪೇಟೆ ರಾಯರು (10 ನವೆಂಬರ್)

ಕ್ರೆಡಿಟ್ ಕಾರ್ಡ್ ಓಡಿಸುವವರ ಹೆಸರಿನಲ್ಲೇ ಇರಬೇಕು, ಹೆಂಡತಿಯ ಕಾರ್ಡ್ ಆಗುವುದಿಲ್ಲ. ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿಕೊಂಡು ಹೊರಡಿ. ಬಾಡಿಗೆಯ ಮೇಲೆ ಇನ್ನೂ ಒಂದಷ್ಟು ಹಣವನ್ನು ಕಾರು ವಾಪಸ್ ಕೊಡುವ ತನಕ ತಡೆಹಿಡಿಯುತ್ತಾರೆ. ಲಿಮಿಟ್ ಕಮ್ಮಿ ಇದ್ದರೆ ಪ್ರವಾಸದ ಮಧ್ಯೆ ಕಾರ್ಡ್ ನಡೆಯದೆ ಕೈಕಟ್ಟಿದ ಹಾಗಾಗುತ್ತದೆ. ಡೆಬಿಟ್ ಕಾರ್ಡ್ ನಂಬಿ ಹೋಗಬೇಡಿ.

ತುಂಗಾತೀರ (10 ನವೆಂಬರ್)

ತುಂಬಾ ಉಪಯೋಗ ಆಯಿತು. ಹೆಸರಿನ ವಿಷಯ ನೋಡಿದೆ. ಲೈಸೆನ್ಸ್‌ನಲ್ಲಿ ಎರಡು ಇನಿಷಿಯಲ್ ಇದೆ, ಕಾರ್ಡ್‌ನಲ್ಲಿ ಒಂದೇ. ನಾಳೆ ಬ್ಯಾಂಕಿಗೆ ಹೋಗುತ್ತೇನೆ. ಮಲ್ಲಿಗೆ ಅಕ್ಕ, ನೀವು ಹೇಳಿದ್ದನ್ನು ಮನೆಯಲ್ಲಿ ಓದಿ ಹೇಳಿದೆ. ನನ್ನ ಹೆಂಡತಿಯೂ ಅದನ್ನೇ ಹೇಳುತ್ತಿದ್ದಳಂತೆ. ಮೊದಲ ರಾತ್ರಿ ಓಡಿಸುವುದಿಲ್ಲ, ತೀರ್ಮಾನ ಆಯಿತು.

ಇನ್ಶೂರೆನ್ಸ್ ಯಾರಾದರೂ ವಿವರಿಸುತ್ತೀರಾ? ವೆಬ್‌ಸೈಟಿನಲ್ಲಿ ಒಂದೇ ಕಾರಿಗೆ ನಾಲ್ಕು ಥರದ ಬೆಲೆ ತೋರಿಸುತ್ತಿದೆ.

ಲೆಕ್ಕದ ಪುಸ್ತಕ (11 ನವೆಂಬರ್)

ನಾನು ಇನ್ಶೂರೆನ್ಸ್ ಕ್ಷೇತ್ರದಲ್ಲಿ ಕೆಲಸ ಮಾಡಿದವಳು. ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜನ ಸಾವಿರಗಟ್ಟಲೆ ಡಾಲರ್ ಕಳೆದುಕೊಳ್ಳುವುದು.

ಎರಡು ಬೇರೆ ಬೇರೆ ವಿಷಯ ಇವೆ. ಒಂದು, ನೀವು ತೆಗೆದುಕೊಂಡ ಕಾರಿಗೆ ಪೆಟ್ಟಾದರೆ ಅಥವಾ ಕಾರೇ ಕಳವಾದರೆ. ಇದಕ್ಕೆ ಸಿಡಿಡಬ್ಲ್ಯೂ ಅಥವಾ ಎಲ್‌ಡಿಡಬ್ಲ್ಯೂ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಇದು ಇನ್ಶೂರೆನ್ಸ್ ಕೂಡ ಅಲ್ಲ. 'ಕಾರಿಗೆ ಏನಾದರೂ ಆದರೆ ನಿಮ್ಮಿಂದ ವಸೂಲಿ ಮಾಡುವುದಿಲ್ಲ' ಅಂತ ಕಂಪನಿ ಕೊಡುವ ಒಪ್ಪಿಗೆ. ಎರಡನೆಯದು, ನಿಮ್ಮ ಕಾರಿನಿಂದ ಬೇರೆಯವರಿಗೆ ಪೆಟ್ಟಾದರೆ, ಬೇರೆಯವರ ಕಾರು ಜಖಂ ಆದರೆ. ನಮ್ಮ ಥರ್ಡ್ ಪಾರ್ಟಿ ಇದ್ದ ಹಾಗೆ. ಇಲ್ಲಿ ಲಯಬಿಲಿಟಿ ಅನ್ನುತ್ತಾರೆ.

ನಮ್ಮವರು ಮೊದಲನೆಯದನ್ನು ತಗೊಂಡು ನೆಮ್ಮದಿಯಾಗಿ ಇರುತ್ತಾರೆ. ಅಪಾಯ ಇರುವುದು ಎರಡನೆಯದರಲ್ಲಿ. ಕಾರು ಪೂರ್ತಿ ಹೋದರೂ ಅದಕ್ಕೊಂದು ಬೆಲೆ ಇದೆ. ಮನುಷ್ಯರಿಗೆ ಪೆಟ್ಟಾದರೆ ಅಮೆರಿಕದ ಆಸ್ಪತ್ರೆ ಬಿಲ್ಲಿಗೆ ಮಿತಿಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಕಡ್ಡಾಯ ಲಯಬಿಲಿಟಿಯ ಕನಿಷ್ಠ ಮೊತ್ತ ಒಬ್ಬರ ಗಾಯಕ್ಕೆ 30,000 ಡಾಲರ್, ಒಂದು ಅಪಘಾತಕ್ಕೆ ಒಟ್ಟು 60,000, ಆಸ್ತಿ ಹಾನಿಗೆ 15,000. ಅದಕ್ಕೆ ಮೊದಲು ಇದರ ಅರ್ಧ ಇತ್ತು, ಆಸ್ತಿಗೆ ಬರೀ 5,000. ಈಗಿನ ಮೊತ್ತ ಕೂಡ ಒಂದು ದೊಡ್ಡ ಆಪರೇಷನ್‌ಗೆ ಸಾಲುವುದಿಲ್ಲ. ಇಲ್ಲಿ ಇರುವವರಿಗೆ ತಮ್ಮ ಸ್ವಂತ ಕಾರಿನ ಪಾಲಿಸಿ ಬಾಡಿಗೆ ಕಾರಿಗೂ ಸಾಮಾನ್ಯವಾಗಿ ಅನ್ವಯ ಆಗುತ್ತದೆ. ಅದಕ್ಕೇ ಅವರು 'ಏನೂ ಬೇಡ ಬಿಡಿ' ಅನ್ನುತ್ತಾರೆ. ಆ ಮಾತು ಕೇಳಬೇಡಿ. ನಿಮಗೆ ಇಲ್ಲಿ ಯಾವ ಪಾಲಿಸಿಯೂ ಇಲ್ಲ. ಕ್ರೆಡಿಟ್ ಕಾರ್ಡ್ ಜೊತೆ ಬರುವ ಸೌಲಭ್ಯ ಸಾಮಾನ್ಯವಾಗಿ ಕಾರಿನ ಹಾನಿಗೆ ಮಾತ್ರ. ಪ್ರವಾಸದ ಮೆಡಿಕಲ್ ಇನ್ಶೂರೆನ್ಸ್ ಇನ್ನೊಬ್ಬರಿಗೆ ಆದ ಗಾಯಕ್ಕೆ ಬರುವುದಿಲ್ಲ.

ಬುಕ್ ಮಾಡುವಾಗ 'ನೀವು ವಾಸಿಸುವ ದೇಶ' ಅಂತ ಕೇಳುವಲ್ಲಿ ಭಾರತ ಅಂತಲೇ ಹಾಕಿ. ಹಾಗೆ ಹಾಕಿದಾಗ ದೊಡ್ಡ ಕಂಪನಿಗಳು ಎಷ್ಟೋ ಸಲ ಎರಡೂ ಸೇರಿದ ಒಂದು ದರ ತೋರಿಸುತ್ತವೆ. ಕೌಂಟರಿನಲ್ಲಿ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅದು ಬಹಳ ಕಮ್ಮಿ. ಕಮ್ಮಿ ಬೆಲೆಗೆ ಆಸೆಪಟ್ಟು ತಂಗಿಯ ವಿಳಾಸ ಹಾಕಿ ಅಮೆರಿಕದವರ ದರ ತಗೊಂಡರೆ ಎರಡೂ ಇರುವುದಿಲ್ಲ. ವೋಚರ್ ಪ್ರಿಂಟ್ ಮಾಡಿಕೊಳ್ಳಿ. ಕೌಂಟರಿನವರು ಮತ್ತೆ ಮಾರುವುದಕ್ಕೆ ನೋಡಿದರೆ 'ಇದರಲ್ಲಿ ಎರಡೂ ಇದೆ' ಅಂತ ಬೆರಳಿಟ್ಟು ತೋರಿಸಿ. ಸಹಿ ಹಾಕುವ ಪರದೆಯಲ್ಲಿ ಪ್ರತಿ ಸಾಲನ್ನೂ ಓದಿ. ಹಿಂದೆ ಸಾಲು ಇದೆ ಅಂತ ಅವಸರ ಮಾಡಬೇಡಿ.

ಇನ್ನೊಂದು. ತಂಗಿಯ ಗಂಡನೂ ಓಡಿಸಲಿ ಅಂತ ಅವರ ಕೈಗೆ ಕೀ ಕೊಡುವ ಮುಂಚೆ ಅವರ ಹೆಸರು ಕರಾರಿನಲ್ಲಿ ಇರಬೇಕು. ಹೆಸರು ಇಲ್ಲದವರು ಓಡಿಸುವಾಗ ಏನಾದರೂ ಆದರೆ ಮೇಲೆ ಹೇಳಿದ ಒಪ್ಪಿಗೆ ಬಿದ್ದುಹೋಗಬಹುದು.

ಸಪ್ತಾಪುರ ಸಂಜೆ (11 ನವೆಂಬರ್)

ಅಕ್ಕಾರ ಮಾತು ನೂರಕ್ಕೆ ನೂರು ಖರೆ. ನನ್ನ ಅನುಭವ ಕೂಡ ಸೇರಿಸುತ್ತೇನೆ. ಒಂದು ಕಂಪನಿ, ಹೆಸರು ಬೇಡ. ಕಾರು ಕೊಟ್ಟು ಧಾರವಾಡಕ್ಕೆ ಬಂದ ಮೂರು ವಾರಕ್ಕೆ ಇಮೇಲ್ ಬಂತು. ಹಿಂದಿನ ಬಂಪರ್‌ಗೆ ಗೀರು, 640 ಡಾಲರ್ ಕಟ್ಟಿ ಅಂತ. ನನಗೆ ಕೈಕಾಲು ತಣ್ಣಗಾಯಿತು. ಅದೃಷ್ಟಕ್ಕೆ ಕಾರು ತಗೊಳ್ಳುವಾಗ ನನ್ನ ಮಗಳು ಸುತ್ತಲೂ ವಿಡಿಯೋ ಮಾಡಿದ್ದಳು. ಆ ಗೀರು ಅದರಲ್ಲಿ ಮೊದಲೇ ಇತ್ತು. ವಿಡಿಯೋ ಕಳಿಸಿದ ಮೇಲೆ ಎರಡು ದಿನಕ್ಕೆ ಕೇಸು ಮುಚ್ಚಿದರು.

ಅದಕ್ಕೇ ಹೇಳುವುದು. ತಗೊಳ್ಳುವಾಗ ಒಂದು, ಕೊಡುವಾಗ ಒಂದು ವಿಡಿಯೋ. ನಾಲ್ಕೂ ಚಕ್ರ, ಗಾಜು, ಛಾವಣಿ, ಒಳಗಿನ ಸೀಟು, ಪೆಟ್ರೋಲ್ ಮುಳ್ಳು, ಎಷ್ಟು ಮೈಲಿ ಓಡಿದೆ ಅನ್ನುವುದು. ಪಾರ್ಕಿಂಗ್ ಕಟ್ಟಡದ ಒಳಗೆ ಬೆಳಕು ಕಮ್ಮಿ, ಮೊಬೈಲ್ ಟಾರ್ಚ್ ಹಾಕಿ.

ಉಡುಪಿ ಮಲ್ಲಿಗೆ (12 ನವೆಂಬರ್)

ಇನ್ನು ಬಲಗಡೆ ಓಡಿಸುವುದರ ಬಗ್ಗೆ ಬರೆಯುತ್ತೇನೆ.

ನಮ್ಮೂರಿನಲ್ಲಿ ಎಡ ತಿರುವು ಸಣ್ಣದು, ಬಲ ತಿರುವು ದೊಡ್ಡದು. ಇಲ್ಲಿ ಬಲ ತಿರುವು ಸಣ್ಣದು, ಎಡ ತಿರುವು ದೊಡ್ಡದು. ಇದನ್ನು ಬಾಯಲ್ಲಿ ಹೇಳಿಕೊಂಡೇ ತಿರುಗಿಸಿ. ಇನ್ನೊಂದು ಗುರುತು ಇದೆ. ಓಡಿಸುವವರು ಯಾವಾಗಲೂ ರಸ್ತೆಯ ನಡುಗೆರೆಯ ಪಕ್ಕ ಇರುತ್ತಾರೆ. ನಮ್ಮಲ್ಲೂ ಹಾಗೇ, ಇಲ್ಲೂ ಹಾಗೇ. ಎರಡು ಕಡೆ ವಾಹನ ಹೋಗುವ ರಸ್ತೆಯಲ್ಲಿ ಹಳದಿ ಗೆರೆ ನಿಮ್ಮ ಎಡ ಭುಜದ ಪಕ್ಕ ಇದ್ದರೆ ನೀವು ಸರಿ ಜಾಗದಲ್ಲಿ ಇದ್ದೀರಿ.

ಎಲ್ಲರೂ ಹೆದರುವುದು ಟ್ರಾಫಿಕ್‌ಗೆ. ಆದರೆ ಟ್ರಾಫಿಕ್‌ನಲ್ಲಿ ತಪ್ಪಾಗುವುದಿಲ್ಲ, ಮುಂದಿನ ಕಾರಿನ ಹಿಂದೆ ಹೋದರೆ ಆಯಿತು. ತಪ್ಪಾಗುವುದು ಖಾಲಿ ರಸ್ತೆಯಲ್ಲಿ. ಬೆಳಗ್ಗೆ 6ಕ್ಕೆ ಹಾಲು ತರುವುದಕ್ಕೆ ಅಂಗಡಿಗೆ ಹೋಗಿ, ಪಾರ್ಕಿಂಗ್‌ನಿಂದ ಹೊರಗೆ ಬರುತ್ತೀರಿ, ಒಂದು ಕಾರೂ ಇಲ್ಲ, ಕೈ ತಾನಾಗಿ ಎಡಕ್ಕೆ ಹೋಗುತ್ತದೆ. ನನಗೆ ಹಾಗಾಗಿದ್ದು ಬಂದ ಎರಡನೇ ವಾರ, ಭಯ ಎಲ್ಲ ಹೋದ ಮೇಲೆ. ಎದುರಿಗೆ ಬಂದ ಅಜ್ಜ ಒಬ್ಬರು ನಿಲ್ಲಿಸಿದರು, ಹಾಗಾಗಿ ಉಳಿದೆ. ಆ ದಿನ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೊದಲ ಹತ್ತು ದಿನ ಪಕ್ಕದಲ್ಲಿ ಕೂತವರು ಪ್ರತಿ ತಿರುವಿಗೂ 'ಬಲಗಡೆ' ಅಂತ ಜೋರಾಗಿ ಹೇಳಲಿ.

ಬಲಗಡೆ ಸ್ಟೀರಿಂಗ್ ಇರುವ ನಮ್ಮ ಕಾರಿನಲ್ಲಿ ಸಾಮಾನ್ಯವಾಗಿ ಇಂಡಿಕೇಟರ್ ಕಡ್ಡಿ ಬಲಕ್ಕೆ, ವೈಪರ್ ಎಡಕ್ಕೆ. ಇಲ್ಲಿ ತಿರುಗುಮುರುಗು. ಹೊರಡುವ ಮುಂಚೆ ನಿಂತಲ್ಲೇ ಹತ್ತು ನಿಮಿಷ ಎಲ್ಲ ಮುಟ್ಟಿ ನೋಡಿ. ಕನ್ನಡಿ, ದೀಪ, ಗಾಜಿನ ಮಂಜು ತೆಗೆಯುವ ಬಟನ್. ಕಾರು ಬಲಕ್ಕೆ ವಾಲುವ ಅಭ್ಯಾಸ ಮೊದಲು ಎಲ್ಲರಿಗೂ ಇರುತ್ತದೆ. ನಿಮ್ಮ ಬಲಗಡೆ ಇನ್ನೂ ಒಂದು ಸೀಟಿನ ಅಗಲ ಕಾರು ಇದೆ ಅನ್ನುವುದು ನೆನಪಿರಲಿ.

ಕೊಲ್ಲಿ ತೀರ (12 ನವೆಂಬರ್)

ನಮ್ಮವರಿಗೆ ಇಲ್ಲಿ ದಂಡದ ಟಿಕೆಟ್ ಬೀಳುವುದು ಸ್ಟಾಪ್ ಬೋರ್ಡ್‌ನಲ್ಲಿ. ಕೆಂಪು ಎಂಟು ಮೂಲೆ ಬೋರ್ಡ್ ಕಂಡರೆ ಚಕ್ರ ಪೂರ್ತಿ ನಿಲ್ಲಬೇಕು. ಸುಮ್ನೆ ನಿಧಾನ ಮಾಡಿದರೆ ಸಾಲದು. ನಾಲ್ಕೂ ಕಡೆ ಸ್ಟಾಪ್ ಇದ್ದರೆ ಮೊದಲು ಬಂದವರು ಮೊದಲು ಹೋಗುತ್ತಾರೆ. ಒಟ್ಟಿಗೆ ಬಂದರೆ ನಿಮ್ಮ ಬಲಗಡೆಯವರಿಗೆ ದಾರಿ ಬಿಡಿ. ಪೊಲೀಸ್ ಇಲ್ಲದಿದ್ದರೂ ಎಲ್ಲರೂ ಇದನ್ನು ಪಾಲಿಸುತ್ತಾರೆ. ಕೆಂಪು ಸಿಗ್ನಲ್‌ನಲ್ಲಿ ಪೂರ್ತಿ ನಿಂತು, ಜನ ಮತ್ತು ವಾಹನ ನೋಡಿಕೊಂಡು ಬಲಕ್ಕೆ ತಿರುಗಬಹುದು. ಬೇಡ ಅನ್ನುವ ಬೋರ್ಡ್ ಇದ್ದರೆ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಡೌನ್‌ಟೌನ್‌ನಲ್ಲಿ ಆ ಬೋರ್ಡ್ ಜಾಸ್ತಿ.

ಹಳದಿ ಸ್ಕೂಲ್ ಬಸ್ ಕೆಂಪು ದೀಪ ಮಿನುಗಿಸುತ್ತಾ ನಿಂತರೆ ನೀವೂ ನಿಲ್ಲಬೇಕು. ಎರಡು ಲೇನಿನ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಆಂಬುಲೆನ್ಸ್ ಸದ್ದು ಕೇಳಿದರೆ ಬಲಕ್ಕೆ ಸರಿದು ನಿಲ್ಲಿ.

ಹೆದ್ದಾರಿ ಹತ್ತುವ ದಾರಿಯಲ್ಲಿ ಎಷ್ಟೋ ಕಡೆ ಒಂದು ಸಿಗ್ನಲ್ ಇರುತ್ತದೆ. ಒಂದು ಹಸಿರಿಗೆ ಒಂದೇ ಕಾರು. ಅದು ದಾಟಿದ ಮೇಲೆ ಹೆದರಿ ನಿಧಾನ ಹೋಗಬೇಡಿ. ಅಲ್ಲಿ ಹೋಗುತ್ತಿರುವವರ ವೇಗಕ್ಕೆ ಏರಿಸಿಕೊಂಡೇ ಸೇರಬೇಕು. ಮಿತಿ ಹೆಚ್ಚಿನ ಕಡೆ 65 ಮೈಲಿ, ಅಂದರೆ ಸುಮಾರು 105 ಕಿಲೋಮೀಟರ್.

ಪೊಲೀಸ್ ಹಿಂದೆ ದೀಪ ಹಾಕಿದರೆ ಬಲಕ್ಕೆ ನಿಲ್ಲಿಸಿ, ಗಾಜು ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟು ಸೀಟಿನಲ್ಲೇ ಕೂತಿರಿ. ನಮ್ಮೂರಿನಲ್ಲಿ ಇಳಿದು ಹತ್ತಿರ ಹೋಗಿ ಮಾತಾಡುವುದು ಮರ್ಯಾದೆ. ಇಲ್ಲಿ ಅದೇ ಅಪಾಯ. ಕಾಗದ ತೆಗೆಯುವುದಕ್ಕೆ ಡ್ಯಾಶ್‌ಬೋರ್ಡ್‌ಗೆ ಕೈ ಹಾಕುವ ಮುಂಚೆ ಹೇಳಿ ತೆಗೆಯಿರಿ.

ನಿವೃತ್ತ ಮೇಷ್ಟ್ರು (13 ನವೆಂಬರ್)

ನಮ್ಮ ಕಥೆ ಹೇಳಲೇಬೇಕು. ಎರಡು ವರ್ಷದ ಹಿಂದೆ ನಾನು, ನನ್ನಾಕೆ, ಮಗ ಸ್ಯಾನ್ ಫ್ರಾನ್ಸಿಸ್ಕೋ ನೋಡುವುದಕ್ಕೆ ಹೋದೆವು. ಏರ್‌ಪೋರ್ಟ್‌ನಿಂದ ಬಾಡಿಗೆ ಕಾರು ತಗೊಂಡು ಹೋಟೆಲ್‌ಗೆ ಹೋಗುವ ದಾರಿಯಲ್ಲಿ ಒಂದು ಕಡೆ ಸಮುದ್ರ ನೋಡೋಣ ಅಂತ ನಿಲ್ಲಿಸಿದೆವು. ಇಪ್ಪತ್ತು ನಿಮಿಷ ಅಷ್ಟೇ. ಹಾಡು ಹಗಲು. ಸುತ್ತಲೂ ಜನ. ವಾಪಸ್ ಬಂದು ನೋಡಿದರೆ ಹಿಂದಿನ ಸಣ್ಣ ಗಾಜು ಪುಡಿಪುಡಿ. ಸೀಟು ಮಡಚಿ ಡಿಕ್ಕಿಯೊಳಗಿನ ಎರಡು ಬ್ಯಾಗ್ ತೆಗೆದಿದ್ದರು. ಒಂದರಲ್ಲಿ ನಮ್ಮಿಬ್ಬರ ಪಾಸ್‌ಪೋರ್ಟ್. ನನ್ನಾಕೆಯ ಸಕ್ಕರೆ ಕಾಯಿಲೆ ಮಾತ್ರೆ ಕೂಡ ಅದರಲ್ಲೇ.

ಪೊಲೀಸ್ ವರದಿಯನ್ನು ಆನ್‌ಲೈನ್‌ನಲ್ಲೇ ಕೊಡಬಹುದು, ಅದಾಯಿತು. ಆಮೇಲೆ ಕಾನ್ಸುಲೇಟ್, ಫೋಟೋ, ಅರ್ಜಿ, ಕಾಯುವುದು. ಪ್ರವಾಸದ ಆರು ದಿನ ಅದಕ್ಕೇ ಹೋಯಿತು. ನನ್ನಾಕೆ ಆ ಆರು ದಿನ ಸರಿಯಾಗಿ ಊಟ ಮಾಡಲಿಲ್ಲ.

ದಯವಿಟ್ಟು ಇದೊಂದು ಮಾಡಿ. ಲಗೇಜ್ ಕಾರಿನಲ್ಲಿ ಇರುವಾಗ ದಾರಿಯಲ್ಲಿ ಎಲ್ಲೂ ನಿಲ್ಲಿಸಬೇಡಿ. ಮೊದಲು ಮನೆ ಅಥವಾ ಹೋಟೆಲ್, ಆಮೇಲೆ ಊರು ನೋಡುವುದು. ಕಾರು ಖಾಲಿ ಇರಬೇಕು. ಚಾರ್ಜರ್ ವೈರ್ ಕೂಡ ಕಾಣಬಾರದು. ಪಾಸ್‌ಪೋರ್ಟ್ ಮತ್ತು ಮಾತ್ರೆ ಮೈ ಮೇಲೆ ಇರಲಿ. ವಾಹನ ನಿಲ್ಲಿಸಿದ ಜಾಗದಲ್ಲಿ ಡಿಕ್ಕಿ ತೆರೆದು ಬ್ಯಾಗ್ ಬಚ್ಚಿಡಬೇಡಿ, ನೋಡುವವರು ನೋಡುತ್ತಿರುತ್ತಾರೆ.

ತುಂಗಾತೀರ (13 ನವೆಂಬರ್)

ಮೇಷ್ಟ್ರೇ, ಓದಿ ಬಹಳ ಬೇಜಾರಾಯಿತು. ಅಮ್ಮನಿಗೂ ಬಿಪಿ ಮಾತ್ರೆ ಇದೆ. ಎರಡು ಕಡೆ ಹಂಚಿ ಇಡುತ್ತೇವೆ. ನಿಮ್ಮ ಮಾತು ಮರೆಯುವುದಿಲ್ಲ.

ಬೆಟ್ಟದ ದಾರಿ (13 ನವೆಂಬರ್)

ನಾನು ಸ್ಯಾನ್ ಫ್ರಾನ್ಸಿಸ್ಕೋ ಸಿಟಿಯ ಒಳಗೇ ಇರುವವನು. ಸಿಟಿ ನೋಡುವ ದಿನ ಕಾರೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಯೂನಿಯನ್ ಸ್ಕ್ವೇರ್ ಹೋಟೆಲ್‌ಗಳಲ್ಲಿ ಕಾರು ನಿಲ್ಲಿಸುವುದಕ್ಕೇ ರಾತ್ರಿಗೆ 50-60 ಡಾಲರ್ ಮೇಲೆ. ಕಾರಿನ ಬಾಡಿಗೆಯಷ್ಟೇ ಅದೂ ಆಗುತ್ತದೆ. ಮಾರ್ಕೆಟ್ ಸ್ಟ್ರೀಟ್‌ನ ಡೌನ್‌ಟೌನ್ ಭಾಗದಲ್ಲಿ 2020ರಿಂದ ಖಾಸಗಿ ಕಾರು ಬಿಡುವುದಿಲ್ಲ. ಮ್ಯಾಪ್ ನೋಡಿಕೊಂಡು ಅಲ್ಲಿಗೆ ತಿರುಗಿದವರನ್ನು ದಿನಾ ನೋಡುತ್ತೇನೆ. ಒನ್ ವೇ ತುಂಬಾ. ಏರ್‌ಪೋರ್ಟ್‌ನಿಂದ ಬಾರ್ಟ್ ರೈಲು ಅರ್ಧ ಗಂಟೆಗೆ ಡೌನ್‌ಟೌನ್ ಮುಟ್ಟಿಸುತ್ತದೆ.

ಅಮ್ಮನ ಮೊಣಕಾಲಿಗಾಗಿ ಕಾರು ಬೇಕೇ ಬೇಕು ಅಂದರೆ ಒಂದು ದಿನಕ್ಕೆ ಬನ್ನಿ, ಗ್ಯಾರೇಜ್‌ನಲ್ಲಿ ನಿಲ್ಲಿಸಿ. ರಸ್ತೆ ಬದಿಯಲ್ಲಿ ನಿಲ್ಲಿಸುವುದಾದರೆ ಇಷ್ಟು ನೋಡಿಕೊಳ್ಳಿ. ಕಂಬದ ಮೇಲಿನ ಬೋರ್ಡ್ ಮೇಲಿನಿಂದ ಕೆಳಗೆ ಪೂರ್ತಿ ಓದಿ. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ರಸ್ತೆ ಗುಡಿಸುವ ಗಾಡಿ ಬರುತ್ತದೆ ಅಂತ ಇರುತ್ತದೆ. ಆ ಹೊತ್ತಿಗೆ ಕಾರು ಇದ್ದರೆ ದಂಡ ಗ್ಯಾರಂಟಿ. ಫುಟ್‌ಪಾತ್ ಅಂಚಿಗೆ ಬಣ್ಣ ಇರುತ್ತದೆ. ಕೆಂಪು ಅಂದರೆ ನಿಲ್ಲಿಸಲೇಬಾರದು. ಹಳದಿ ಸರಕು ಇಳಿಸುವವರಿಗೆ, ಬಿಳಿ ಜನ ಹತ್ತಿ ಇಳಿಯುವುದಕ್ಕೆ, ಹಸಿರು ಸ್ವಲ್ಪ ಹೊತ್ತಿಗೆ, ನೀಲಿ ಅಂಗವಿಕಲರಿಗೆ. ಬಣ್ಣ ಇಲ್ಲದಿದ್ದರೂ ಜೀಬ್ರಾ ಕ್ರಾಸಿಂಗ್‌ಗೆ ಬರುವ ಕಡೆ 20 ಅಡಿ ಒಳಗೆ ನಿಲ್ಲಿಸುವ ಹಾಗಿಲ್ಲ. ಇದು ಇಡೀ ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸ ಕಾನೂನು. ಇಲ್ಲೇ ಇರುವವರಿಗೂ ಇನ್ನೂ ಸರಿಯಾಗಿ ಅಭ್ಯಾಸ ಆಗಿಲ್ಲ.

ಆಮೇಲೆ ಏರು. ಫಿಲ್ಬರ್ಟ್ ಸ್ಟ್ರೀಟ್‌ನ ಒಂದು ತುಂಡು 31.5 ಶೇಕಡಾ ಇಳಿಜಾರು. ಆಗುಂಬೆಯಲ್ಲಿ ತಿರುವು ಇದೆ, ಇಲ್ಲಿ ನೇರ ಗೋಡೆ ಹತ್ತಿದ ಹಾಗೆ. ಮೇಲಿನ ಸ್ಟಾಪ್ ಬೋರ್ಡ್‌ನಲ್ಲಿ ನಿಂತಾಗ ಬಾನೆಟ್ ಮತ್ತು ಆಕಾಶ ಮಾತ್ರ ಕಾಣುತ್ತದೆ. 3 ಶೇಕಡಾಕ್ಕಿಂತ ಹೆಚ್ಚಿನ ಇಳಿಜಾರಿನಲ್ಲಿ ಪಾರ್ಕ್ ಮಾಡಿದರೆ ಚಕ್ರ ತಿರುಗಿಸಿ ಇಡಬೇಕು, ಇಲ್ಲದಿದ್ದರೆ ದಂಡ. ಕಾರಿನ ಮುಖ ಕೆಳಗೆ ಇದ್ದರೆ ಮುಂದಿನ ಚಕ್ರ ಫುಟ್‌ಪಾತ್ ಕಡೆಗೆ. ಮುಖ ಮೇಲೆ ಇದ್ದರೆ ಚಕ್ರ ರಸ್ತೆ ಕಡೆಗೆ. ಬ್ರೇಕ್ ಹೋದರೂ ಕಾರು ಉರುಳದೆ ಅಂಚಿಗೆ ತಾಗಿ ನಿಲ್ಲಲಿ ಅಂತ.

ಸಿಟಿಯಲ್ಲಿ ಈಗ 33 ಕಡೆ ವೇಗದ ಕ್ಯಾಮೆರಾ ಇದೆ. ಮಿತಿಗಿಂತ 11 ಮೈಲಿ ಜಾಸ್ತಿ ಹೋದರೆ 50 ಡಾಲರ್‌ನಿಂದ ಶುರು.

ಹಾಸನದ ಹುಡುಗ (14 ನವೆಂಬರ್)

ಬಾರ್ಟ್ ಒಳ್ಳೆಯದೇ, ಒಪ್ಪುತ್ತೇನೆ. ಆದರೆ ಬೆಟ್ಟದ ದಾರಿಯವರೇ, 72 ವರ್ಷದ ಅಮ್ಮ ಮತ್ತು ನಾಲ್ಕು ಪೆಟ್ಟಿಗೆ ಜೊತೆ ರೈಲು ಹತ್ತಿ, ಇಳಿದು, ಆ ಏರಿನಲ್ಲಿ ನಡೆಯುವುದು ಆಗುತ್ತಾ? ಅವರಿಗೆ ಕಾರೇ ಸರಿ.

ಬೆಟ್ಟದ ದಾರಿ (14 ನವೆಂಬರ್)

ಪೆಟ್ಟಿಗೆ ಜೊತೆ ಆಗುವುದಿಲ್ಲ, ನಿಜ. ನಾನು ಒಬ್ಬನೇ ಓಡಾಡುವವನ ಲೆಕ್ಕದಲ್ಲಿ ಹೇಳಿದೆ. ಅಮ್ಮ ಇದ್ದರೆ ಹಗಲಲ್ಲಿ ಕಾರಿನಲ್ಲಿ ಬಂದು ಸಂಜೆ ಒಳಗೆ ವಾಪಸ್ ಹೋಗುವುದು ಒಳ್ಳೆಯದು. ಟ್ವಿನ್ ಪೀಕ್ಸ್ ಬೆಟ್ಟಕ್ಕೆ ಕಾರು ಮೇಲೆ ತನಕ ಹೋಗುತ್ತದೆ. ಅಮ್ಮ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಇಡೀ ಊರು ಕಾಣುತ್ತದೆ.

ಉಡುಪಿ ಮಲ್ಲಿಗೆ (14 ನವೆಂಬರ್)

ಮಗಳ ಸೀಟು ಯಾರೂ ಹೇಳಲಿಲ್ಲ. 8 ವರ್ಷದ ಒಳಗಿನ ಮಕ್ಕಳು 4 ಅಡಿ 9 ಅಂಗುಲ ಆಗುವ ತನಕ ಹಿಂದಿನ ಸೀಟಿನಲ್ಲಿ, ಚೈಲ್ಡ್ ಸೀಟ್ ಅಥವಾ ಬೂಸ್ಟರ್ (ಮಗುವನ್ನು ಎತ್ತರಕ್ಕೆ ಕೂರಿಸುವ ಸೀಟು) ಮೇಲೆ ಕೂರಲೇಬೇಕು. ತಂಗಿ ಕರೆದುಕೊಂಡು ಹೋಗುವುದಕ್ಕೆ ಬರುವಾಗಲೇ ಬೂಸ್ಟರ್ ತರಲಿ. ಬಾಡಿಗೆ ಕಂಪನಿಯಿಂದ ದಿನದ ಲೆಕ್ಕದಲ್ಲಿ ತಗೊಂಡರೆ 19 ದಿನಕ್ಕೆ ಜಾಸ್ತಿ ಆಗುತ್ತದೆ. ಅಂಗಡಿಯಲ್ಲಿ ಕೊಂಡರೆ ಅದಕ್ಕಿಂತ ಬಹಳ ಕಮ್ಮಿ. ತೊಡೆ ಮೇಲೆ ಕೂರಿಸಿಕೊಳ್ಳುವ ಯೋಚನೆ ಮಾಡಲೇಬೇಡಿ.

ಚಿಕ್ಕಪೇಟೆ ರಾಯರು (15 ನವೆಂಬರ್)

ಟೋಲ್ ಬಗ್ಗೆ ಎರಡು ಮಾತು. ಈ ಕಡೆಯ ಸೇತುವೆಗಳಲ್ಲಿ ನಗದು ತಗೊಳ್ಳುವ ಗೂಡೇ ಇಲ್ಲ, ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ. ಒಂದು ದಿಕ್ಕಿಗೆ ಮಾತ್ರ ಟೋಲ್. ಏರ್‌ಪೋರ್ಟ್‌ನಿಂದ 101 ದಕ್ಷಿಣಕ್ಕೆ ಬಂದು, 92ರಲ್ಲಿ ಸ್ಯಾನ್ ಮಟೇಯೋ ಸೇತುವೆ ದಾಟಿ, 880ರಲ್ಲಿ ಫ್ರೀಮಾಂಟ್‌ಗೆ ಹೋಗುವಾಗ ಟೋಲ್ ಇಲ್ಲ. ವಾಪಸ್ ಪಶ್ಚಿಮಕ್ಕೆ ಬರುವಾಗ ಇದೆ, 2025ರಲ್ಲಿ 8 ಡಾಲರ್ ಇತ್ತು. ಬೇ ಬ್ರಿಡ್ಜ್‌ಗೆ ಸಿಟಿ ಕಡೆ ಬರುವಾಗ, ಗೋಲ್ಡನ್ ಗೇಟ್‌ಗೂ ಸಿಟಿ ಕಡೆ ಬರುವಾಗ. ಬಾಡಿಗೆ ಕಂಪನಿಯ ಟೋಲ್ ಸ್ಕೀಮ್‌ನಲ್ಲಿ ಟೋಲ್ ಮೇಲೆ ದಿನಕ್ಕಿಷ್ಟು ಅಂತ ಸೇವಾ ಶುಲ್ಕ ಸೇರಿಸುತ್ತಾರೆ. ಅದರ ಸಾಲು ಕರಾರಿನಲ್ಲಿ ಹುಡುಕಿ ಓದಿ.

ಹೆದ್ದಾರಿಯ ಎಡ ತುದಿಯ ಎಕ್ಸ್‌ಪ್ರೆಸ್ ಲೇನಿಗೆ, ಅಂದರೆ ದುಡ್ಡು ಕೊಟ್ಟು ಹೋಗುವ ಲೇನಿಗೆ, ಫಾಸ್‌ಟ್ರ್ಯಾಕ್ ಟ್ಯಾಗ್ (ನಮ್ಮ ಫಾಸ್ಟ್ಯಾಗ್ ಇದ್ದ ಹಾಗೆ) ಬೇಕು. ಕಾರಿನಲ್ಲಿ ನಾಲ್ಕು ಜನ ಇದ್ದೇವೆ, ರಿಯಾಯಿತಿ ಸಿಗುತ್ತದೆ ಅಂತ ಟ್ಯಾಗ್ ಇಲ್ಲದೆ ನುಗ್ಗಬೇಡಿ.

ಪೆಟ್ರೋಲ್‌ಗೆ ಇಲ್ಲಿ ಗ್ಯಾಸ್ ಅನ್ನುತ್ತಾರೆ. ನೀವೇ ತುಂಬಿಸಿಕೊಳ್ಳಬೇಕು. ಪಂಪ್ ನಿಮ್ಮ ಕಾರ್ಡ್‌ಗೆ ಐದು ಅಂಕಿಯ ಅಮೆರಿಕದ ಪಿನ್‌ಕೋಡ್ ಕೇಳುತ್ತದೆ, ನಮ್ಮದು ಆರು ಅಂಕಿ. ಒಳಗೆ ಹೋಗಿ, ಪಂಪ್ ನಂಬರ್ ಹೇಳಿ, ಮುಂಗಡ ಕೊಟ್ಟು ಬನ್ನಿ. ಹಸಿರು ಹಿಡಿ ಇಲ್ಲಿ ಸಾಮಾನ್ಯವಾಗಿ ಡೀಸೆಲ್, ಹಾಗಾಗಿ ಬಣ್ಣ ನೋಡದೆ ಅಕ್ಷರ ನೋಡಿ. 87 ಅಂತ ಇರುವ ರೆಗ್ಯುಲರ್ ಸಾಕು.

ತುಂಗಾತೀರ (4 ಜನವರಿ 2026)

ಎಲ್ಲರಿಗೂ ಹೊಸ ವರ್ಷದ ಶುಭಾಶಯ. ನಾವು ಸುಖವಾಗಿ ಊರಿಗೆ ಬಂದೆವು. ಇಷ್ಟು ಜನ ಸಮಯ ಕೊಟ್ಟು ಬರೆದಿರಿ, ಏನಾಯಿತು ಅಂತ ಹೇಳುವುದು ನನ್ನ ಕರ್ತವ್ಯ.

ಇಳಿದ ದಿನ ತಂಗಿಯ ಗಂಡ ಬೂಸ್ಟರ್ ಸಮೇತ ಬಂದಿದ್ದರು. ಇಮಿಗ್ರೇಷನ್ ಮುಗಿಸಿ ಹೊರಗೆ ಬರುವಾಗ 8:10. ಮಳೆ ಬರುತ್ತಿತ್ತು. ಕಾರಿನಲ್ಲಿ ಕೂತು ಐದು ನಿಮಿಷಕ್ಕೆ ನನಗೆ ನಿದ್ದೆ ಬಂತು. ಎದ್ದಾಗ ಮನೆ ಮುಂದೆ ಇದ್ದೆವು. ನಾನೇ ಓಡಿಸಿದ್ದರೆ ಅನ್ನುವ ಯೋಚನೆ ಬಂದು ಆ ರಾತ್ರಿ ಎಷ್ಟೋ ಹೊತ್ತು ಮಲ್ಲಿಗೆ ಅಕ್ಕನನ್ನು ನೆನೆಸಿಕೊಂಡೆ.

ಮೂರನೇ ದಿನ ಬೆಳಗ್ಗೆ 10ಕ್ಕೆ ಏರ್‌ಪೋರ್ಟ್‌ಗೇ ವಾಪಸ್ ಹೋಗಿ ಕಾರು ತಗೊಂಡೆ. ಹತ್ತಿರದ ಬ್ರಾಂಚ್ ಸ್ವಲ್ಪ ಕಮ್ಮಿ ಇತ್ತು, ಆದರೆ ಭಾನುವಾರ ಮುಚ್ಚಿರುತ್ತದೆ. ಏರ್‌ಪೋರ್ಟ್‌ನಲ್ಲಿ ಏರ್‌ಟ್ರೇನ್ ಅಂತ ಪುಕ್ಕಟೆ ರೈಲು ಇದೆ. ಅದರ ಬ್ಲೂ ಲೈನ್ ಬಾಡಿಗೆ ಕಾರಿನ ಕಟ್ಟಡಕ್ಕೆ ಹೋಗುತ್ತದೆ. ಎಲ್ಲ ಕಂಪನಿ ಒಂದೇ ಕಡೆ. ಬೆಳಗ್ಗೆ ಸಾಲು ಕಮ್ಮಿ. ಕೌಂಟರಿನವರು ಎಲೆಕ್ಟ್ರಿಕ್ ಕಾರು ಕೊಡಲಾ ಅಂದರು. ಚಾರ್ಜಿಂಗ್ ಹುಡುಕುವುದು ಒಂದು ಹೊಸ ತಲೆನೋವು ಬೇಡ ಅಂತ ಪೆಟ್ರೋಲ್ ಕಾರೇ ಕೇಳಿದೆ, ಕೊಟ್ಟರು. ವೋಚರ್ ತೋರಿಸಿ ಎರಡೂ ಇನ್ಶೂರೆನ್ಸ್ ಸೇರಿದೆ ಅಂದೆ. ಮತ್ತೆ ಮಾತಾಡಲಿಲ್ಲ. ಕಾರ್ಡ್ ಮತ್ತು ಲೈಸೆನ್ಸ್ ಹೆಸರು ಹೊಂದಿದ್ದರಿಂದ ಹದಿನೈದು ನಿಮಿಷದಲ್ಲಿ ಕೀ ಕೈಗೆ ಬಂತು.

ಹೊರಗೆ ಹೋಗುವ ಗೇಟಿನಲ್ಲಿ ನೆಲದ ಮೇಲೆ ಉಕ್ಕಿನ ಹಲ್ಲುಗಳಿವೆ. ಮುಂದೆ ಹೋಗುವಾಗ ಮಡಚಿಕೊಳ್ಳುತ್ತವೆ, ಹಿಂದೆ ಬಂದರೆ ಟೈರ್ ಸೀಳುತ್ತವೆ. ಅಲ್ಲಿ ಏನು ಮರೆತರೂ ರಿವರ್ಸ್ ಹಾಕಬೇಡಿ, ಹೊಸಬರು ತಿಳಿದಿರಲಿ.

ಮೊದಲ ಎರಡು ದಿನ ಪ್ರತಿ ತಿರುವಿಗೂ ವೈಪರ್ ಓಡಿತು. ಮೂರನೇ ದಿನ ಕೈಗೆ ಬಂತು. ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ್ದೆವು, ಕಾಲು ಚಾಚುವುದಕ್ಕೆ ಜಾಗ ಇರುತ್ತದೆ ಅಂತ. 'ಬಲಗಡೆ' ಅನ್ನುವ ಕೆಲಸ ಅವರೇ ವಹಿಸಿಕೊಂಡರು. ಕಾರು ಓಡಿಸಿ ಗೊತ್ತಿಲ್ಲದ ಅಮ್ಮ ಒಂದು ತಿರುವನ್ನೂ ಬಿಡಲಿಲ್ಲ. ಹತ್ತನೇ ದಿನ ಲಿವರ್‌ಮೋರ್‌ನ ಶಿವ-ವಿಷ್ಣು ದೇವಸ್ಥಾನಕ್ಕೆ ಹೋಗಿದ್ದೆವು. ರಾತ್ರಿ ಬರುವಾಗ ಮೊಸರು ತಗೊಳ್ಳೋಣ ಅಂತ ಒಂದು ಅಂಗಡಿಯಲ್ಲಿ ನಿಲ್ಲಿಸಿದೆ. ಹೊರಗೆ ಬರುವಾಗ ರಸ್ತೆ ಖಾಲಿ. ನಾನು ಎಡ ಲೇನಿಗೆ ಹೊರಟೇಬಿಟ್ಟಿದ್ದೆ. ಅಮ್ಮ 'ಬಲಗಡೆ ಕಣೋ' ಅಂತ ಕೂಗಿದರು. ಅಕ್ಕ ಹೇಳಿದ್ದ ಹಾಗೇ ಆಯಿತು, ಭಯ ಹೋದ ಮೇಲೆ, ಖಾಲಿ ರಸ್ತೆಯಲ್ಲಿ.

ಸಿಟಿಗೆ ಒಂದೇ ದಿನ ಹೋದೆವು. ಕಾರಿನಲ್ಲಿ ಒಂದು ನೀರಿನ ಬಾಟಲಿಯೂ ಬಿಡಲಿಲ್ಲ. ಟ್ವಿನ್ ಪೀಕ್ಸ್ ಮೇಲೆ ಗಾಳಿ ಎಷ್ಟಿತ್ತೆಂದರೆ ಅಮ್ಮ ಸೆರಗು ಬಿಗಿಹಿಡಿದು ಎರಡೇ ನಿಮಿಷ ನಿಂತರು, ಆಮೇಲೆ ಕಾರಿನೊಳಗಿಂದಲೇ ನೋಡಿದರು. ಪಕ್ಕದ ಕಾರಿನ ಹತ್ತಿರ ನೆಲದ ಮೇಲೆ ಒಡೆದ ಗಾಜು ಬಿದ್ದಿತ್ತು. ಮೇಷ್ಟ್ರೇ, ನಿಮ್ಮ ನೆನಪಾಯಿತು.

ನಿವೃತ್ತ ಮೇಷ್ಟ್ರು (4 ಜನವರಿ)

ನೀವೆಲ್ಲ ಕ್ಷೇಮವಾಗಿ ಬಂದಿದ್ದು ಓದಿ ಸಮಾಧಾನ ಆಯಿತು. ಇದನ್ನು ನನ್ನಾಕೆಗೂ ಓದಿ ಹೇಳಿದೆ. ಅಮ್ಮನಿಗೆ ನಮ್ಮ ನಮಸ್ಕಾರ ತಿಳಿಸಿ.

ಮಂಡ್ಯದ ಮಗಳು (6 ಜನವರಿ)

ಪೂರ್ತಿ ಓದಿದೆ, ಬಹಳ ಉಪಕಾರ ಆಯಿತು. ಮಾರ್ಚ್‌ನಲ್ಲಿ ಅಪ್ಪ ಅಮ್ಮನ ಜೊತೆ ನಾನೂ ಹೋಗುತ್ತಿದ್ದೇನೆ, ನಾನೇ ಓಡಿಸಬೇಕು. ನನಗೆ 23 ವರ್ಷ. ಲೈಸೆನ್ಸ್‌ನಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಇಲ್ಲವೇ ಇಲ್ಲ, ಪಾಸ್‌ಪೋರ್ಟ್‌ನಲ್ಲಿ ಪೂರ್ತಿ ಹೆಸರು ಇದೆ. ಏನು ಮಾಡಲಿ?

ಕೊಲ್ಲಿ ತೀರ (6 ಜನವರಿ)

ಲೈಸೆನ್ಸ್‌ನಲ್ಲಿ ಹೆಸರು ತಿದ್ದುವ ಅರ್ಜಿ ಈ ವಾರವೇ ಹಾಕಮ್ಮ, ಹೊಸ ಕಾರ್ಡ್ ಅಂಚೆಯಲ್ಲಿ ಬರುವುದಕ್ಕೆ ಸಮಯ ಬೇಕು. ಅದು ಬಂದ ಮೇಲೆ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸು, ಇಲ್ಲದಿದ್ದರೆ ಅದರಲ್ಲೂ ಹಳೆಯ ಹೆಸರೇ ಬರುತ್ತದೆ. 25ರ ಒಳಗಿನವರಿಗೆ ದಿನಕ್ಕಿಷ್ಟು ಅಂತ ಜಾಸ್ತಿ ದುಡ್ಡು ಇದೆ. ಬುಕ್ ಮಾಡುವಾಗ ವಯಸ್ಸು ಸರಿಯಾಗಿ ಹಾಕು, ಆಗ ಅದೂ ಸೇರಿಯೇ ದರ ತೋರಿಸುತ್ತದೆ. ವಿಮಾನ ಎಷ್ಟು ಹೊತ್ತಿಗೆ ಇಳಿಯುತ್ತದೆ?

ಮಂಡ್ಯದ ಮಗಳು (6 ಜನವರಿ)

ರಾತ್ರಿ 9:40ಕ್ಕೆ ಅಣ್ಣ. ಏರ್‌ಪೋರ್ಟ್ ಪಕ್ಕದಲ್ಲೇ ಒಂದು ರಾತ್ರಿಗೆ ಹೋಟೆಲ್ ನೋಡುತ್ತೇನೆ. ಕಾರು ಬೆಳಗ್ಗೆ.